ಕಾಡು ಟರ್ಕಿ ಗರಿ ತಂದು ನೇರವಾಗಿ ಪೆಟ್ಟಿಗೆಗೆ ಹಾಕಬೇಡಿ

ಅಮೆರಿಕದಲ್ಲಿದ್ದುಕೊಂಡು ಫ್ಲೈ ಕಟ್ಟುವ ಕನ್ನಡಿಗರು ದಯವಿಟ್ಟು ಇದನ್ನು ಓದಿ. ಬೇಟೆಯಾಡಿದ ಕಾಡು ಟರ್ಕಿಯ ರೆಕ್ಕೆ, ಬಾಲ ಯಾರಾದರೂ ಕೊಟ್ಟರೆ, "ಎಲ್ಲಾ ಕ್ಲೀನ್ ಮಾಡಿದ್ದೇನೆ" ಅಂತ ಎಷ್ಟೇ ಹೇಳಿದರೂ, ಅದನ್ನು ನಿಮ್ಮ ಉಳಿದ ಗರಿಗಳ ಹತ್ತಿರ ಇಡಬೇಡಿ. ನುಸಿ ಹೊಕ್ಕು ನನ್ನ ಸಾಮಾನು ಮುಕ್ಕಾಲು ಪಾಲು ಹೋಯಿತು. ನಿಮ್ಮದಾದರೂ ಉಳಿಯಲಿ.

ಫ್ಲೈ ಅಂದರೆ ಗಾಳದ ಕೊಕ್ಕೆಗೆ ಗರಿ, ಕೂದಲು, ದಾರ ಸುತ್ತಿ ಹುಳುವಿನ ಹಾಗೋ ಮರಿಮೀನಿನ ಹಾಗೋ ಮಾಡುವುದು. ನಾನಿರುವುದು ಪೆನ್ಸಿಲ್ವೇನಿಯಾದ ಕಾರ್ಲೈಲ್ ಹತ್ತಿರ. ಟ್ರೌಟ್ ಮೀನು ಹಿಡಿಯುವವರಿಗೆಲ್ಲ ಗೊತ್ತಿರುವ ಲೆಟಾರ್ಟ್ ಸ್ಪ್ರಿಂಗ್ ರನ್ ತೊರೆ ಇಲ್ಲೇ ಹರಿಯುತ್ತದೆ. ಅದರ ಹೆಸರಿನಲ್ಲೇ ಲೆಟಾರ್ಟ್ ಹಾಪರ್ ಅಂತ ಒಂದು ಮಿಡತೆ ಫ್ಲೈ ಇದೆ. ಅದರ ರೆಕ್ಕೆ ಚುಕ್ಕೆಚುಕ್ಕೆಯ ಟರ್ಕಿ ಗರಿಯದು. 1930ರ ದಶಕದಲ್ಲಿ ಡಾನ್ ಗ್ಯಾಪನ್ ಕೆನಡಾದ ನಿಪಿಗಾನ್ ನದಿಗೆಂದು ಕಟ್ಟಿದ ಮಡ್ಲರ್ ಮಿನ್ನೋ ಅನ್ನುವ ಫ್ಲೈಗೂ ಟರ್ಕಿ ಗರಿಯೇ ಬೇಕು. ನೀರೊಳಗಿನ ಮರಿಹುಳುವಿನ ಹಾಗೆ ಕಟ್ಟುವ ನಿಂಫ್ ಫ್ಲೈಗಳ ಬೆನ್ನಿಗೆ ಬಾಲದ ಗರಿ, ಸಣ್ಣ ಫ್ಲೈಗಳ ಮೈಗೆ ರೆಕ್ಕೆಗರಿಯ ಅಂಚಿನ ಗಟ್ಟಿ ಎಳೆ. ಒಂದು ಹಕ್ಕಿಯ ಎರಡೂ ರೆಕ್ಕೆ ಸಿಕ್ಕರೆ ಎಡ ಬಲದ ಜೋಡಿ ಕೂಡುತ್ತದೆ, ವರ್ಷಗಟ್ಟಲೆ ಸಾಕಾಗುತ್ತದೆ. ಅದಕ್ಕೇ ಎಲ್ಲರಿಗೂ ಆಸೆ.

ಇಲ್ಲಿ ಮೇ ತಿಂಗಳಲ್ಲಿ ಗಂಡು ಟರ್ಕಿ ಬೇಟೆ ನಡೆಯುತ್ತದೆ. ಆ ಗರಿಗಳು ಚಳಿಗಾಲದ ಹೊತ್ತಿಗೆ ಹಳೇ ಸಾಮಾನಿನ ಮಾರಾಟಕ್ಕೆ ಬರುತ್ತವೆ. ಅಂಥ ಒಂದು ಕಡೆ ಒಬ್ಬರ ಮೇಜಿನಿಂದ ಒಂದು ಜೋಡಿ ರೆಕ್ಕೆ, ಒಂದು ಬಾಲ ತಗೊಂಡೆ. "ತೊಳೆದು, ಫ್ರೀಜರ್‌ನಲ್ಲಿಟ್ಟು ತೆಗೆದಿದ್ದೇನೆ, ಹಾಗೇ ಬಳಸಿ" ಅಂದರು. ನೋಡಲು ಚೊಕ್ಕವಾಗಿತ್ತು, ವಾಸನೆಯೂ ಇರಲಿಲ್ಲ. ಹಾಗೇ ನನ್ನ ಗರಿ ಪೆಟ್ಟಿಗೆಗೆ ಹಾಕಿಬಿಟ್ಟೆ.

ಬೇಸಿಗೆಯಲ್ಲಿ ಪೆಟ್ಟಿಗೆ ತೆಗೆದಾಗ ತಳದಲ್ಲಿ ಸಣ್ಣ ಮರಳಿನಂಥ ಪುಡಿ ಕಂಡಿತು. ಅದು ಹುಳುವಿನ ಹಿಕ್ಕೆ. ಹ್ಯಾಕಲ್ ಕೇಪ್, ಅಂದರೆ ಹುಂಜದ ಕತ್ತಿನ ಗರಿಗಳಿರುವ ಚರ್ಮ, ಎತ್ತಿದರೆ ಗರಿಯ ಎಳೆಗಳೆಲ್ಲ ಉದುರಿ ಬರೀ ದಂಟು ಕೈಗೆ ಬಂತು. ಒಳ್ಳೆ ಕೇಪ್ ಒಂದಕ್ಕೆ ನೂರು ಡಾಲರ್ ಹತ್ತಿರ ಆಗುತ್ತದೆ ಅಂತ ಕಟ್ಟುವವರಿಗೆ ಗೊತ್ತೇ ಇದೆ. ಪೆಟ್ಟಿಗೆಯ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಉದ್ದದ ಗೂಡುಗಳಿದ್ದವು. ಇವು ಬಟ್ಟೆ ನುಸಿಯ ಒಂದು ಜಾತಿಯ ಮರಿಹುಳುಗಳವು. ತಾನು ತಿನ್ನುವ ಎಳೆಗಳನ್ನೇ ನೇಯ್ದು ಹುಳು ಗೂಡು ಮಾಡಿಕೊಳ್ಳುತ್ತದೆ, ಬೆಳೆದ ಹಾಗೆ ಎರಡೂ ತುದಿಗೆ ಹೊಸ ಎಳೆ ಸೇರಿಸುತ್ತದೆ. ಒಂದನ್ನು ಭೂತಗನ್ನಡಿಯಲ್ಲಿ ನೋಡಿದೆ. ನಡುವೆ ಟರ್ಕಿಯ ಕಂದು ಬಣ್ಣ, ಎರಡು ತುದಿಗೂ ನನ್ನ ಪೆಟ್ಟಿಗೆಯಲ್ಲಿದ್ದ, ಬಣ್ಣ ಹಾಕಿದ ಮರಬೂ ಅನ್ನುವ ಮೆತ್ತನೆ ಗರಿಯ ಗಿಳಿಹಸಿರು. ಎಲ್ಲಿ ಹುಟ್ಟಿತು, ಆಮೇಲೆ ಎಲ್ಲಿಗೆ ಹೋಯಿತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ?

ಮಾರಿದವರಿಗೆ ಫೋನ್ ಮಾಡಿದೆ. ಒಂದು ರಾತ್ರಿ ಫ್ರೀಜರ್‌ನಲ್ಲಿ ಇಟ್ಟಿದ್ದರಂತೆ, ಅಷ್ಟೇ. ಒಂದು ರಾತ್ರಿ ಏನಕ್ಕೂ ಸಾಲದು. ಗಾಳಿಯಾಡದ ಕವರಿಗೆ ಹಾಕಿ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವಾರ ಇಡಿ. ಹೊರಗೆ ತೆಗೆದು ಒಂದೆರಡು ದಿನ ಬಿಟ್ಟು ಮತ್ತೆ ಒಂದು ವಾರ ಇಡಿ. ಕವರ್ ಪೂರ್ತಿ ಕೋಣೆಯ ಬಿಸಿಗೆ ಬಂದ ಮೇಲೆ ಬಿಚ್ಚಿ, ಇಲ್ಲದಿದ್ದರೆ ಗರಿಯ ಮೇಲೆ ನೀರು ಕೂರುತ್ತದೆ. ಆಮೇಲೆ ಪಾತ್ರೆ ತೊಳೆಯುವ ಸೋಪು ಹಾಕಿದ ಉಗುರುಬೆಚ್ಚನೆ ನೀರಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ. ದಂಟಿನ ಬುಡದಲ್ಲಿ ಮಾಂಸ, ಕೊಬ್ಬು ಅಂಟಿದ್ದರೆ ಆ ಭಾಗ ಕತ್ತರಿಸಿ ಬಿಸಾಡಿ. ಚರ್ಮ ತಿನ್ನುವ ಜೀರುಂಡೆಗಳು ಮೊದಲು ಬರುವುದೇ ಅಲ್ಲಿಗೆ. ಇಷ್ಟಾದ ಮೇಲೂ ಪ್ರತಿ ಹಕ್ಕಿಯ ಗರಿಗೂ ಬೇರೆ ಬೇರೆ ಜಿಪ್ ಕವರ್ ಇರಲಿ.

ಸೀರೆ ಬೀರುವಿಗೆ ಹಾಕುವ ಹಾಗೆ ನಾಲ್ಕು ನುಸಿಗುಳಿಗೆ ಹಾಕಿದರೆ ಆಯ್ತಲ್ವಾ ಅಂತ ಕೆಲವರು ಕೇಳಿದರು. ಆಗಲ್ಲ. ಪೂರ್ತಿ ಮುಚ್ಚಿದ ಡಬ್ಬಿಯಲ್ಲಿ ಆವಿ ತುಂಬಿ ನಿಂತರೆ ಮಾತ್ರ ಅದರಿಂದ ಹುಳು ಸಾಯುವುದು. ಆ ಆವಿ ನಮಗೂ ಒಳ್ಳೆಯದಲ್ಲ, ದಿನಾ ಅದೇ ಗರಿಯನ್ನು ಮೂಗಿನ ಹತ್ತಿರ ಹಿಡಿದು ಕೂರುವವರು ನಾವು. ಅಂದ ಹಾಗೆ, ಈ ಹುಳು ಉಣ್ಣೆಯನ್ನೂ ತಿನ್ನುತ್ತದೆ. ಊರಿಂದ ತಂದ ಶಾಲುಗಳು ಅದೇ ಕೋಣೆಯಲ್ಲಿದ್ದರೆ ಅವನ್ನೂ ಬಿಡಿಸಿ ನೋಡಿ.

ಇನ್ನೊಂದು ಮಾತು. ಇಂಥ ಕಟ್ಟುಗಳಲ್ಲಿ ಪಟ್ಟೆಪಟ್ಟೆಯ ಗಿಡುಗನ ಗರಿಯೋ ಗೂಬೆಯ ಗರಿಯೋ ಸೇರಿಕೊಂಡಿದ್ದರೆ ಮುಟ್ಟಲೇಬೇಡಿ. 1918ರ ವಲಸೆ ಹಕ್ಕಿ ಕಾಯ್ದೆಯ ಪ್ರಕಾರ ಅವನ್ನು ಇಟ್ಟುಕೊಳ್ಳುವುದೇ ಅಪರಾಧ, ನೆಲದ ಮೇಲೆ ಬಿದ್ದು ಸಿಕ್ಕಿದ್ದರೂ ಅಷ್ಟೇ. ಟರ್ಕಿ ಆ ಪಟ್ಟಿಯಲ್ಲಿಲ್ಲ. ಆದರೆ ಮಾರುವ ಕೊಳ್ಳುವ ನಿಯಮ ರಾಜ್ಯಕ್ಕೊಂದು ಇದೆ, ಕೊಳ್ಳುವ ಮೊದಲೇ ನೋಡಿಕೊಳ್ಳಿ. ಸತ್ತು ಬಿದ್ದ ಹಕ್ಕಿಯ ಗರಿಯನ್ನಂತೂ ಕೀಳಬೇಡಿ. 2022ರಿಂದ ಇಲ್ಲಿನ ಕಾಡುಹಕ್ಕಿಗಳಲ್ಲಿ ಹಕ್ಕಿಜ್ವರ ಹರಡಿದೆ, ಫ್ರೀಜರ್ ಹುಳುವನ್ನು ಕೊಲ್ಲುತ್ತದೆಯೇ ಹೊರತು ಆ ವೈರಸ್ಸನ್ನಲ್ಲ.

ಕಳೆದ ಚಳಿಗಾಲದಲ್ಲಿ ಇಂಥ ರೆಕ್ಕೆ ಕೊಂಡವರು ಇದ್ದರೆ ಇವತ್ತೇ ಪೆಟ್ಟಿಗೆ ತೆಗೆದು, ಬಿಳಿ ಕಾಗದದ ಮೇಲೆ ಗರಿಗಳನ್ನು ಕೊಡವಿ ನೋಡಿ. ಪುಡಿಯೋ ಗೂಡೋ ಒಂದು ಚೂರು ಬಿದ್ದರೂ ಪೆಟ್ಟಿಗೆಯಲ್ಲಿರುವುದೆಲ್ಲ ಫ್ರೀಜರ್‌ಗೆ ಹೋಗಬೇಕು, ಚೆನ್ನಾಗಿ ಕಾಣುವ ಗರಿಯೂ ಸೇರಿ.