ಒದೆತ ಕಮ್ಮಿಯಾಗಲಿ ಅಂತ ಭಾರದ ಬಫರ್ ಹಾಕುವ ಮುಂಚೆ ಇದನ್ನು ಓದಿ

ಎಆರ್-15 ರೈಫಲ್ಲಿಗೆ ಎಚ್3 ಬಫರ್ ಕೊಳ್ಳಲು ಹೊರಟಿದ್ದರೆ ಒಂದು ನಿಮಿಷ ನಿಲ್ಲಿ. ಬಫರ್ ಅಂದರೆ ಬೋಲ್ಟಿನ ಹಿಂದೆ ಸ್ಪ್ರಿಂಗಿನ ಜೊತೆ ಕೂರುವ ತೂಕದ ಕೊಳವೆ; ಎಚ್, ಎಚ್2, ಎಚ್3 ಅಂತ ಭಾರ ಏರುತ್ತಾ ಹೋಗುತ್ತದೆ. ನಾನು ನಿಲ್ಲಲಿಲ್ಲ.

ನನ್ನದು 16 ಇಂಚಿನ ಬ್ಯಾರೆಲ್, ಮಿಡ್-ಲೆಂಗ್ತ್ ಗ್ಯಾಸ್, ಅಂದರೆ ಗ್ಯಾಸ್ ಕೊಳವೆ ಮಧ್ಯಮ ಉದ್ದದ್ದು. ಅದರಲ್ಲಿ ಮಾಮೂಲಿ ಕಾರ್ಬೈನ್ ಬಫರ್ ಇತ್ತು, ಸುಮಾರು 3 ಔನ್ಸ್. ಯಾವ ತೊಂದರೆಯೂ ಇರಲಿಲ್ಲ. ಸುಮ್ನೆ, ಒದೆತ ಸ್ವಲ್ಪ ಕಮ್ಮಿಯಾದರೆ ಚೆನ್ನ ಅಂತ ಯಾರದೋ ಮಾತು ಕೇಳಿ ಎಚ್3 ಕೂರಿಸಿದೆ. ಒಳಗಿನ ಮೂರು ತುಂಡೂ ಟಂಗ್‌ಸ್ಟನ್, ತೂಕ 5.4 ಔನ್ಸ್‌ನ ಆಸುಪಾಸು. ಮೊದಲ ದಿನ ಜೋರಾದ 5.56 ಗುಂಡು ಹಾಕಿ ಹೊಡೆದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗಿತ್ತು. ಅಲ್ಲೇ ಮೋಸ ಹೋದೆ.

ಸ್ಪರ್ಧೆಯ ದಿನ ಕೊರೆಯುವ ಚಳಿ, ಕೈಯಲ್ಲಿದ್ದದ್ದು ಅಗ್ಗದ, ಮೆತ್ತಗಿನ, ಅಂದರೆ ಜೋರು ಕಮ್ಮಿ ಇರುವ .223 ಗುಂಡು. ನಾಲ್ಕನೇ ಗುಂಡಿಗೇ ಖಾಲಿ ತೋಟಾ ಹೊರಗೆ ಹಾರದೆ ಬೋಲ್ಟಿಗೆ ಸಿಕ್ಕಿಕೊಂಡಿತು. ಬಿಡಿಸಿದೆ, ಮತ್ತೆ ಹಾಗೇ. ಮ್ಯಾಗಜಿನ್ ಖಾಲಿಯಾದಾಗ ಬೋಲ್ಟ್ ಹಿಂದೆ ನಿಲ್ಲಲೇ ಇಲ್ಲ, ಇನ್ನೂ ಗುಂಡಿದೆ ಅಂದುಕೊಂಡು ಟ್ರಿಗರ್ ಒತ್ತಿದರೆ ಬರೀ 'ಟಿಕ್'. ನಾನೋ ಮ್ಯಾಗಜಿನ್ ಬದಲಿಸಿದೆ, ಆಮೇಲೆ ಖಾಲಿ ತೋಟಾ ಎಳೆಯುವ ಕೊಕ್ಕೆಯ (ಎಕ್ಸ್‌ಟ್ರಾಕ್ಟರ್) ಸ್ಪ್ರಿಂಗ್ ಬದಲಿಸಿದೆ, ದುಡ್ಡು ದಂಡ. ರೇಂಜಿನಲ್ಲಿ ಒಬ್ಬರು ಹಿರಿಯರು ನೆಲದ ಮೇಲಿನ ತೋಟಾಗಳನ್ನು ನೋಡಿಯೇ ವಿಷಯ ಹಿಡಿದರು. ಗುರಿ 12 ಗಂಟೆ ಅಂತಿಟ್ಟುಕೊಂಡರೆ ತೋಟಾ 3 ರಿಂದ 4 ಗಂಟೆ ದಿಕ್ಕಿಗೆ ಬೀಳಬೇಕು. ನನ್ನವು 5 ಗಂಟೆ ಕಡೆ, ಕಾಲ ಬುಡದಲ್ಲೇ.

ಬೋಲ್ಟ್ ಹಿಂದಕ್ಕೆ ಹೋಗುವಾಗ ಬಫರನ್ನೂ ಸ್ಪ್ರಿಂಗನ್ನೂ ತಳ್ಳಿಕೊಂಡೇ ಹೋಗಬೇಕು, ಅದಕ್ಕೆ ಬಲ ಕೊಡುವುದು ಗುಂಡು ಹೊಡೆದಾಗ ಬ್ಯಾರೆಲಿನಿಂದ ಬರುವ ಗ್ಯಾಸ್. ನನ್ನ ಬ್ಯಾರೆಲಿನಲ್ಲಿ ಗ್ಯಾಸ್ ಮೊದಲೇ ಅಳತೆಗೆ ತಕ್ಕಷ್ಟಿತ್ತು, ಮೆತ್ತಗಿನ ಗುಂಡಿಗೆ ಆ ಭಾರ ತಳ್ಳಲು ಆಗಲಿಲ್ಲ. ಗ್ಯಾಸ್ ಜಾಸ್ತಿ ಬರುವ ರೈಫಲ್ ಆದರೆ ಮಾತು ಬೇರೆ, ತೋಟಾ 1-2 ಗಂಟೆ ಕಡೆ ಮುಂದಕ್ಕೆ ಹಾರುತ್ತಿದ್ದರೆ, ತೋಟಾದ ಬುಡದ ಅಂಚು ಹರಿಯುತ್ತಿದ್ದರೆ ಭಾರದ ಬಫರ್ ಬೇಕೇ ಬೇಕು.

ಈಗ ನಾನು ಮಾಡುವುದಿಷ್ಟೇ: ನನ್ನ ಹತ್ತಿರ ಇರುವುದರಲ್ಲಿ ಅತಿ ಮೆತ್ತಗಿನ ಗುಂಡು, ಮ್ಯಾಗಜಿನ್ನಿನಲ್ಲಿ ಒಂದೇ ಒಂದು. ಹೊಡೆದ ಮೇಲೆ ಬೋಲ್ಟ್ ಹಿಂದೆ ನಿಲ್ಲಬೇಕು, ಹತ್ತು ಸಲಕ್ಕೆ ಹತ್ತು ಸಲ. ಎಚ್2 ಇದರಲ್ಲಿ ಎರಡು ಸಲ ಸೋತಿತು. ಒಂದೇ ಟಂಗ್‌ಸ್ಟನ್ ತುಂಡಿನ ಎಚ್, ಅಂದರೆ 3.8 ಔನ್ಸಿನದು, ಪಾಸಾಯಿತು. ಒದೆತ? ಹೆಚ್ಚುಕಮ್ಮಿ ಮೊದಲಿನಷ್ಟೇ ಇದೆ.