ಮಲ್ಲಿಗೆ, ಕಾಕಡ, ಪಾರಿಜಾತ: ನಮ್ಮ ಅಂಗಳದಲ್ಲಿ ಲೈಲ್ಯಾಕ್‌ನ ಮೂವರು ನೆಂಟರು

ಮಗಳು ಅಮೆರಿಕದ ರಾಚೆಸ್ಟರ್‌ನಲ್ಲಿದ್ದಾಳೆ. ಆರು ವರ್ಷದ ಹಿಂದೆ ಮೇ ತಿಂಗಳಲ್ಲಿ ಅವಳ ಹತ್ತಿರ ಹೋಗಿದ್ದಾಗ, ಅಲ್ಲಿನ ಹೈಲ್ಯಾಂಡ್ ಪಾರ್ಕಿನಲ್ಲಿ ಲೈಲ್ಯಾಕ್ ಹೂ ನೋಡಿದೆ. ನೇರಳೆ ಬಣ್ಣದ ಗೊಂಚಲು, ದಾರಿಯುದ್ದಕ್ಕೂ ಘಮ. ಮೈಸೂರಿಗೆ ಬಂದ ಮೇಲೂ ಆ ವಾಸನೆ ಮನಸ್ಸಿನಿಂದ ಹೋಗಲಿಲ್ಲ.

ಆದರೆ ಆ ಗಿಡ ನಮ್ಮ ಊರಿಗೆ ಒಗ್ಗುವುದಿಲ್ಲ. ಅದರ ಮೊಗ್ಗು ಅರಳಬೇಕಾದರೆ ಸುಮಾರು 7 ಡಿಗ್ರಿಗಿಂತ ಕಡಿಮೆ ಚಳಿ ವಾರಗಟ್ಟಲೆ ಬೇಕು. ನಮ್ಮಲ್ಲಿ ಡಿಸೆಂಬರ್ ರಾತ್ರಿಯೂ 16 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ಹಾಗಾಗಿ ಅದರ ನೆಂಟರನ್ನು ಹುಡುಕಿದೆ. ಲೈಲ್ಯಾಕ್ ಓಲಿಯೇಸಿ ಎಂಬ ಸಸ್ಯ ಕುಟುಂಬದ್ದು. ನಮ್ಮ ಮಲ್ಲಿಗೆ, ಕಾಕಡ, ಪಾರಿಜಾತ ಮೂರೂ ಅದೇ ಕುಟುಂಬದವು! ಕುವೆಂಪುನಗರದ ನಮ್ಮ ಮನೆ ಅಂಗಳದಲ್ಲಿ ಮೂರನ್ನೂ ನೆಟ್ಟೆ. ಈಗ ಐದು ವರ್ಷವಾಯಿತು.

ಕಾಕಡದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಗಟ್ಟಿ ಗಿಡ. ಒಂದು ವಾರ ನೀರು ತಪ್ಪಿದರೂ ತಡೆಯುತ್ತದೆ. ಚಳಿಗಾಲದಲ್ಲಿ ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಮೊಳದ ಬೆಲೆ ಏರಿದಾಗ, ಮನೆಯ ದೇವರಿಗೆ ಹಾರವಾಗುವುದು ಇದೇ. ಆದರೆ ಪರಿಮಳ ತುಂಬಾ ಕಡಿಮೆ. ನಾನು ಹುಡುಕುತ್ತಿದ್ದದ್ದು ಪರಿಮಳ ಅಲ್ವಾ?

ಪಾರಿಜಾತ ಬೇರೆಯೇ ರೀತಿ. ಸಂಜೆ ಅರಳಿ, ಬೆಳಗಾಗುವಷ್ಟರಲ್ಲಿ ಉದುರುತ್ತದೆ. ಶ್ರಾವಣ ಕಳೆದ ಮೇಲೆ ಬೆಳಗ್ಗೆ ಬಾಗಿಲು ತೆಗೆದರೆ ಅಂಗಳದ ತುಂಬ ಬಿಳಿ ಎಸಳು, ಕಿತ್ತಳೆ ತೊಟ್ಟು. ನೆಲಕ್ಕೆ ಬಿದ್ದ ಹೂವನ್ನೂ ಪೂಜೆಗೆ ಇಡಬಹುದು ಎನ್ನುತ್ತಾರೆ, ಅತ್ತೆ ಹಾಗೇ ಆರಿಸಿಕೊಳ್ಳುತ್ತಾರೆ. ಆರೈಕೆ ಹೆಚ್ಚೇನೂ ಬೇಡ. ಜಾಗ ಮಾತ್ರ ಬೇಕು. ಸವರದೆ ಬಿಟ್ಟರೆ ಮರವಾಗುತ್ತದೆ. ನಾನು ಹೂ ಮುಗಿದ ಮೇಲೆ, ಜನವರಿ ಕೊನೆಯಲ್ಲಿ, ಎದೆಯೆತ್ತರಕ್ಕೆ ಕತ್ತರಿಸುತ್ತೇನೆ. ಬೇಸಿಗೆಯಲ್ಲಿ ಎಲೆ ಉದುರಿ ಬೋಳಾಗುತ್ತದೆ. ಗಿಡ ಸತ್ತಿತೆಂದು ಕೀಳಬೇಡಿ.

ಮೈಸೂರು ಮಲ್ಲಿಗೆಗೆ ನನ್ನ ಮನಸ್ಸು ಪೂರ್ತಿ ಸೋತಿದೆ. ಭೌಗೋಳಿಕ ಸೂಚಿ, ಅಂದರೆ ಇಂಥ ಊರಿನದೇ ಎಂಬ ಅಧಿಕೃತ ಗುರುತು, ಸಿಕ್ಕಿರುವ ಹೂ ಇದು. ಮೈಸೂರು, ಶ್ರೀರಂಗಪಟ್ಟಣದ ಸುತ್ತ ಬೆಳೆಯುತ್ತಾರೆ. ಮೂರರಲ್ಲಿ ಹೆಚ್ಚು ಕೆಲಸ ಕೇಳುವುದೂ ಇದೇ. ಮೊದಲ ಎರಡು ವರ್ಷ ನಾನು ಸವರಲೇ ಇಲ್ಲ. ಎಲೆ ದಟ್ಟವಾಗಿ ಬಂತು, ಹೂ ಬೆರಳೆಣಿಕೆ. ಶ್ರೀರಂಗಪಟ್ಟಣದ ಹತ್ತಿರದ ಒಬ್ಬ ಹೂ ಬೆಳೆಗಾರರು ಬಂದು ನೋಡಿ, "ಕೈ ಹಿಡಿಯಬೇಡಿ ಅಕ್ಕಾ, ಮೊಣಕಾಲೆತ್ತರಕ್ಕೆ ಕಡೀರಿ" ಅಂದರು. ಡಿಸೆಂಬರ್‌ನಲ್ಲಿ ನೀರು ಕಡಿಮೆ ಮಾಡಿದೆ. ಎಲೆ ಉದುರಿತು. ಆಮೇಲೆ ಸವರಿ, ಬುಡ ಬಿಡಿಸಿ, ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಹಾಕಿ ನೀರು ಬಿಟ್ಟೆ. ಮಾರ್ಚ್‌ನಲ್ಲಿ ಹೊಸ ಚಿಗುರಿನ ತುದಿತುದಿಯಲ್ಲೂ ಮೊಗ್ಗು! ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಅದಕ್ಕೇ ವರ್ಷಕ್ಕೊಮ್ಮೆ ಸವರುವುದು ಒಳ್ಳೆಯದು.

ಈ ಖುಷಿಯಲ್ಲಿ ಮಗಳಿಗೂ ಅವಳ ಲೈಲ್ಯಾಕ್ ಸವರಲು ಹೇಳಿದೆ. ಮಾರ್ಚ್‌ನಲ್ಲಿ ಸವರಿದಳು. ಆ ಮೇನಲ್ಲಿ ಒಂದು ಗೊಂಚಲೂ ಬರಲಿಲ್ಲ. ತುಂಬಾ ಬೇಜಾರಾಯಿತು. ಲೈಲ್ಯಾಕ್ ಹಿಂದಿನ ಬೇಸಿಗೆಯಲ್ಲೇ ಮುಂದಿನ ವರ್ಷದ ಮೊಗ್ಗು ಕಟ್ಟಿ, ಹಳೆ ಕಡ್ಡಿಯಲ್ಲಿ ಇಟ್ಟುಕೊಂಡಿರುತ್ತದೆ. ಅದನ್ನು ಹೂ ಮುಗಿದ ತಕ್ಷಣ ಸವರಬೇಕು. ಒಂದೇ ಕುಟುಂಬ, ಆದರೆ ಸವರುವ ಕಾಲ ಬೇರೆ.

ಮಲ್ಲಿಗೆಗೆ ಇನ್ನೊಂದು ಮಾತು. ಬುಡದಲ್ಲಿ ನೀರು ನಿಲ್ಲಬಾರದು. ಮಂಡ್ಯದ ತವರುಮನೆಯಲ್ಲಿ ಕಾಲುವೆ ನೀರು ಹಾಯುವ ಜಿಗುಟು ಮಣ್ಣಿನಲ್ಲಿ ನೆಟ್ಟ ಎರಡು ಗಿಡ ಬೇರು ಕೊಳೆತು ಹೋದವು. ಅಲ್ಲಿ ಈಗ ಏರುಪಾತಿ ಮಾಡಿ, ಕೆಂಪು ಮಣ್ಣು ಬೆರೆಸಿ ನೆಟ್ಟಿದ್ದೇವೆ. ಮೊಗ್ಗು ಕೊರೆಯುವ ಹುಳಕ್ಕೆ ಬೇವಿನ ಎಣ್ಣೆ ಸಿಂಪಡಿಸುತ್ತೇನೆ, ತೂತು ಬಿದ್ದ ಮೊಗ್ಗನ್ನು ಕಿತ್ತು ದೂರ ಹಾಕುತ್ತೇನೆ.

ನಿಮಗೆ ಬಿಸಿಲು ಬೀಳುವ ನಾಲ್ಕಡಿ ಜಾಗ ಇದ್ದು, ವರ್ಷಕ್ಕೊಮ್ಮೆ ಕತ್ತರಿ ಹಿಡಿಯುವ ಮನಸ್ಸಿದ್ದರೆ ಮಲ್ಲಿಗೆ ನೆಡಿ. ಕಾಂಪೌಂಡ್ ಪಕ್ಕ ಜಾಗ ಹೆಚ್ಚಿದ್ದರೆ ಪಾರಿಜಾತವೂ ಇರಲಿ. ಮಲ್ಲಿಗೆ ಮುಗಿಯುವ ಹೊತ್ತಿಗೆ ಅದು ಶುರುವಾಗುತ್ತದೆ. ನಮ್ಮ ಕಾಕಡವನ್ನು ಈ ಮಳೆಗಾಲದಲ್ಲಿ ಹಿತ್ತಲಿಗೆ ಸರಿಸಿ, ಆ ಜಾಗದಲ್ಲಿ ಇನ್ನೊಂದು ಮಲ್ಲಿಗೆ ಸಸಿ ನೆಡುತ್ತಿದ್ದೇನೆ.