ಸ್ಟುಡಿಯೋ ಮಾನಿಟರ್ ತಗೊಳ್ಳುವ ಮುಂಚೆ ಇದನ್ನು ಓದಿ: ಪ್ಯಾಸಿವ್ ಜೋಡಿ ತಂದು ನಾನು ಪಟ್ಟ ಪಾಡು

ಮನೆಯಲ್ಲೇ ರೆಕಾರ್ಡಿಂಗ್ ಮಾಡುವವರು, ಹೊಸದಾಗಿ ಶುರು ಮಾಡಬೇಕು ಅಂತಿರುವವರು ದಯವಿಟ್ಟು ಪೂರ್ತಿ ಓದಿ. ಕಡಿಮೆ ದುಡ್ಡಲ್ಲಿ ಆಗುತ್ತೆ ಅನ್ನುವ ಮಾತು ನಂಬಿ ನಾನು ಪ್ಯಾಸಿವ್, ಅಂದರೆ ಒಳಗೆ ಆಂಪ್ಲಿಫೈಯರ್ (ಆಂಪ್) ಇಲ್ಲದ ಸ್ಪೀಕರ್ ಜೋಡಿ ತಂದೆ. ದುಡ್ಡು ಹೋಯಿತು. ಅದಕ್ಕಿಂತ ಜಾಸ್ತಿ ನೋವಾಗಿದ್ದು, ನನ್ನನ್ನು ನಂಬಿ ಹಾಡಿದವರ ಕೆಲಸ ಹಾಳಾಯಿತಲ್ಲ, ಅದಕ್ಕೆ.

ನಮ್ಮ ಮನೆ ಬೆಂಗಳೂರಿನ ಹನುಮಂತನಗರದಲ್ಲಿ. ಹಿಂದಿನ ರೂಮು 10 ಅಡಿಗೆ 11 ಅಡಿ. ಅಲ್ಲಿ ಒಂದು ಕಂಪ್ಯೂಟರ್, ಮೈಕಿನ ಧ್ವನಿಯನ್ನು ಕಂಪ್ಯೂಟರಿಗೆ ಕಳಿಸುವ ಒಂದು ಆಡಿಯೋ ಇಂಟರ್‌ಫೇಸ್, ಒಂದು ಮೈಕ್. ಸುಗಮ ಸಂಗೀತ ಕಲಿಯುವ ಮಕ್ಕಳ ಹಾಡು, ದೇವರನಾಮ, ಕೆಲವು ಸಲ ಜಾಹೀರಾತಿನ ಧ್ವನಿ ರೆಕಾರ್ಡ್ ಮಾಡುತ್ತೇನೆ. ರೆಕಾರ್ಡ್ ಮಾಡಿದ ಧ್ವನಿಗಳನ್ನು ಹದವಾಗಿ ಸೇರಿಸುವ ಕೆಲಸ, ಅಂದರೆ ಮಿಕ್ಸ್, ಐದು ವರ್ಷ ಹೆಡ್‌ಫೋನಲ್ಲೇ ಮಾಡಿದೆ. ಆಮೇಲೆ 30 ಸಾವಿರ ಕೂಡಿಟ್ಟು, ಆ್ಯಕ್ಟಿವ್ ಮಾನಿಟರ್ (ಮಿಕ್ಸ್ ಮಾಡುವಾಗ ಕೇಳುವ, ಆಂಪ್ ಒಳಗೇ ಇರುವ ಸ್ಪೀಕರ್) ತರೋಣ ಅಂತ ಎಸ್‌.ಪಿ. ರಸ್ತೆಗೆ ಹೋದೆ.

ಅಂಗಡಿಯವರು ಒಳ್ಳೆಯ ಮಾತುಗಾರರು. "ಆ್ಯಕ್ಟಿವ್ ಯಾಕೆ ಸಾರ್? ಒಳಗಿನ ಬೋರ್ಡ್ ಹೋದ್ರೆ ಬಾಕ್ಸೇ ಹೋಯ್ತು. ಪ್ಯಾಸಿವ್ ತಗೊಳ್ಳಿ, ಆಂಪ್ ಬೇರೆ ಹಾಕ್ಕೊಳ್ಳಿ. ಮುಂಚೆ ದೊಡ್ಡ ದೊಡ್ಡ ಸ್ಟುಡಿಯೋಲೆಲ್ಲ ಇದೇ ಅಲ್ವಾ ಇದ್ದಿದ್ದು?" ಅಂದರು. ಸೆಕೆಂಡ್ ಹ್ಯಾಂಡ್ ಪ್ಯಾಸಿವ್ ಜೋಡಿ 22,000. ಅದರ ಜೊತೆಗೆ ಒಂದು ಚಿಕ್ಕ ಆಂಪ್ 6,500. ಅಂಗಡಿಯಲ್ಲಿ ಮೆಲ್ಲಗೆ ಹಾಕಿ ಕೇಳಿಸಿದರು, ಚೆನ್ನಾಗೇ ಇತ್ತು. ತಂದುಬಿಟ್ಟೆ.

ಅವರು ಹೇಳಿದ್ದರಲ್ಲಿ ಅರ್ಧ ನಿಜ. ಮಿಕ್ಕರ್ಧವನ್ನು ನಾನೇ ಕೇಳಿ ತಿಳಿದುಕೊಳ್ಳಬೇಕಿತ್ತು. ಬಿಳಿ ಕೋನಿನ ಯಮಹಾ ಎನ್‌ಎಸ್‌-10 ಜೋಡಿಯನ್ನು ಹಳೆಯ ಸ್ಟುಡಿಯೋ ಫೋಟೋಗಳಲ್ಲಿ ನೀವೂ ನೋಡಿರುತ್ತೀರಿ. ಅದು ಪ್ಯಾಸಿವ್ವೇ. 1978ರಲ್ಲಿ ಮನೆಯಲ್ಲಿ ಹಾಡು ಕೇಳುವವರಿಗೆ ಅಂತ ಬಂದದ್ದು ಸ್ಟುಡಿಯೋ ಸೇರಿಕೊಂಡಿತು. 2001ರಲ್ಲಿ ಕಂಪನಿ ಅದರ ತಯಾರಿಕೆ ನಿಲ್ಲಿಸಿತು. ಆದರೆ ಆ ಸ್ಟುಡಿಯೋಗಳಲ್ಲಿ ಅದರ ಹಿಂದೆ ದೊಡ್ಡ ಪವರ್ ಆಂಪ್ ಇರುತ್ತಿತ್ತು, ಅದನ್ನು ಲೆಕ್ಕ ಹಾಕಿ ಜೋಡಿಸುವ ಎಂಜಿನಿಯರ್ ಇರುತ್ತಿದ್ದರು. ಅದೇ 1978ರಲ್ಲೇ ಫಿನ್ಲೆಂಡಿನಲ್ಲಿ ಜೆನೆಲೆಕ್ ಕಂಪನಿ ಶುರುವಾಯಿತು. ಅವರ ಮೊದಲ ಮಾನಿಟರ್ ಎಸ್‌30 ಆ್ಯಕ್ಟಿವ್. ಹಾಗಾಗಿ ಹಳೇ ಕಾಲದ ದೊಡ್ಡವರೆಲ್ಲ ಪ್ಯಾಸಿವ್, ಆ್ಯಕ್ಟಿವ್ ಅಂದರೆ ಈಗಿನ ಫ್ಯಾಶನ್ ಅನ್ನುವ ಮಾತು ನಿಲ್ಲುವುದಿಲ್ಲ.

ಎರಡಕ್ಕೂ ಇರುವ ವ್ಯತ್ಯಾಸ ಇಷ್ಟು. ಪ್ಯಾಸಿವ್ ಬಾಕ್ಸಿನ ಒಳಗೆ ಆಂಪ್ ಇಲ್ಲ. ಹೊರಗಿನ ಆಂಪ್‌ನಿಂದ ಬಂದ ಪವರನ್ನು ಒಳಗಿರುವ ಕಾಯಿಲ್, ಕೆಪಾಸಿಟರ್ ಎರಡು ಪಾಲು ಮಾಡುತ್ತವೆ. ದಪ್ಪ ಸ್ವರ ದೊಡ್ಡ ಸ್ಪೀಕರಾದ ವೂಫರಿಗೆ, ತೆಳು ಸ್ವರ ಚಿಕ್ಕ ಸ್ಪೀಕರಾದ ಟ್ವೀಟರಿಗೆ. ಇದನ್ನೇ ಕ್ರಾಸ್‌ಓವರ್ ಅನ್ನುವುದು. ಆ್ಯಕ್ಟಿವ್‌ನಲ್ಲಿ ಈ ಪಾಲು ಆಂಪ್‌ಗಿಂತ ಮುಂಚೆಯೇ, ಸಣ್ಣ ಸಿಗ್ನಲ್ ಇರುವಾಗಲೇ ಆಗುತ್ತದೆ. ಆಮೇಲೆ ವೂಫರಿಗೊಂದು ಆಂಪ್, ಟ್ವೀಟರಿಗೊಂದು ಆಂಪ್. ಯಾವ ಆಂಪ್ ಯಾವ ಸ್ಪೀಕರಿಗೆ ಹೊಂದುತ್ತದೆ ಅಂತ ತಯಾರಿಸಿದವರೇ ನೋಡಿರುತ್ತಾರೆ. ಪ್ಯಾಸಿವ್ ತಂದರೆ ಆ ಜವಾಬ್ದಾರಿ ನಮ್ಮ ತಲೆ ಮೇಲೆ.

ನಾನು ಎಡವಿದ್ದು ಇಲ್ಲೇ. ಸ್ಪೀಕರ್ 4 ಓಂ. ಓಂ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ. ಆಂಪ್ ಹಿಂದೆ ಸಣ್ಣ ಅಕ್ಷರದಲ್ಲಿ 'ಕನಿಷ್ಠ 8 ಓಂ' ಅನ್ನುವ ಅರ್ಥದ ಬರಹ ಇತ್ತು. ಓಂ ಅರ್ಧ ಆದರೆ ಅದೇ ವಾಲ್ಯೂಮಿಗೆ ಆಂಪ್ ಎರಡರಷ್ಟು ಕರೆಂಟ್ ಕೊಡಬೇಕು. ಅರ್ಧ ಗಂಟೆಯಲ್ಲಿ ಆಂಪ್‌ನ ಮೇಲ್ಭಾಗ ಕೈ ಇಡಲಾಗದಷ್ಟು ಬಿಸಿಯಾಗುತ್ತಿತ್ತು. ಒಮ್ಮೊಮ್ಮೆ ತಾನಾಗೇ ಆಫ್ ಆಗುತ್ತಿತ್ತು. ಚಿಕ್ಕ ಆಂಪ್ ಅಲ್ವಾ, ಬಿಸಿಯಾಗುತ್ತೆ ಬಿಡು ಅಂದುಕೊಂಡೆ.

ಆಗಲೇ ಒಂದು ಭಜನಾ ಮಂಡಳಿಯ ಕೆಲಸ ಬಂತು. 11 ಹಾಡು, ನವರಾತ್ರಿಗೆ ಮುಂಚೆ ಪೆನ್‌ಡ್ರೈವ್‌ನಲ್ಲಿ ಎಲ್ಲರಿಗೂ ಹಂಚಬೇಕು. ಹಾಡಿದವರೆಲ್ಲ ನಮ್ಮಮ್ಮನ ವಯಸ್ಸಿನವರು. ಮೂರು ತಿಂಗಳು ಪ್ರಾಕ್ಟೀಸ್ ಮಾಡಿಕೊಂಡು ಬಂದಿದ್ದರು. ತಬಲಾ, ಹಾರ್ಮೋನಿಯಂ, ಎಂಟು ಧ್ವನಿ. ರೂಮಿನಲ್ಲಿ ಎಲ್ಲ ತುಂಬಿ ಕೇಳಲಿ ಅಂತ ವಾಲ್ಯೂಮ್ ಜಾಸ್ತಿ ಇಟ್ಟು ಮಿಕ್ಸ್ ಮಾಡಿದೆ. ಮೂರನೇ ದಿನ ಯಾಕೋ ಹಾಡು ಮಂಕಾಗಿದೆ, ಧ್ವನಿ ಸ್ವಲ್ಪ ಬಲಕ್ಕೆ ವಾಲಿದೆ ಅನಿಸಿತು. ಎಡಗಡೆ ಕಿಟಕಿ, ಬಲಗಡೆ ಗೋಡೆ, ಅದಕ್ಕೇ ಇರಬೇಕು ಅಂದುಕೊಂಡೆ. ತೆಳು ಸ್ವರಗಳನ್ನು, ಅಂದರೆ 6,000 ಹರ್ಟ್ಸ್‌ನಿಂದ ಮೇಲಿನದನ್ನು, 4 ಡಿಬಿ ಏರಿಸಿದೆ. ಆಗ ಸರಿಹೋದ ಹಾಗೆ ಕೇಳಿಸಿತು. ಫೈಲ್ ಕೊಟ್ಟೆ. ಅವರು 60 ಪೆನ್‌ಡ್ರೈವ್ ಮಾಡಿಸಿ ಹಂಚಿದರು.

ಮರುದಿನ ಮಂಡಳಿಯ ಹಿರಿಯರು ಫೋನ್ ಮಾಡಿದರು. "ಯಾಕಪ್ಪಾ, 'ಶ' ಬಂದಾಗೆಲ್ಲ ಕಿವಿ ಚುಚ್ಚತ್ತಲ್ಲ? ನಾವು ಹಾಗೆ ಹಾಡಿದ್ವಾ?" ಅಂದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ತಾವೇ ತಪ್ಪು ಹಾಡಿದ್ದೇವೇನೋ ಅನ್ನುವ ಸಂಕೋಚ ಇತ್ತು. ಆ ಮಾತು ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ಕಾರಿನಲ್ಲಿ ಹಾಕಿ ಕೇಳಿದೆ. ಶರಣು, ಶಂಕರ, ಶಿವ, ಒಂದೊಂದು 'ಶ'ವೂ ಸೂಜಿ.

ಸ್ಪೀಕರ್ ಹತ್ತಿರ ಕಿವಿ ಇಟ್ಟಾಗ ಗೊತ್ತಾಯಿತು. ಎಡಗಡೆ ಟ್ವೀಟರ್ ಸತ್ತುಹೋಗಿತ್ತು. ಒಂದೇ ಟ್ವೀಟರ್ ಕೇಳಿಕೊಂಡು ನಾನು ಹಾಡಿಗೆ ಹೊಳಪು ಏರಿಸಿದ್ದೆ.

ರಿಪೇರಿಯವರ ಹತ್ತಿರ ಒಯ್ದೆ. ವಯಸ್ಸಾದವರು, ನಿಧಾನವಾಗಿ ನಾಲ್ಕು ಸ್ಕ್ರೂ ಬಿಚ್ಚಿ ಟ್ವೀಟರನ್ನು ಅಂಗೈ ಮೇಲೆ ಇಟ್ಟು ತೋರಿಸಿದರು. ಕೂದಲಿನಷ್ಟು ತೆಳು ತಂತಿ ಸುತ್ತಿದ ಪುಟ್ಟ ಉಂಗುರ. ಒಂದು ಕಡೆ ಕಾಸಿದ ಬೆಲ್ಲದ ಬಣ್ಣಕ್ಕೆ ತಿರುಗಿ, ಇನ್ನೊಂದು ಕಡೆ ಕರಕಲಾಗಿ ತುಂಡಾಗಿತ್ತು. ಸುಟ್ಟ ವಾರ್ನಿಷ್ ವಾಸನೆ ಇನ್ನೂ ಇತ್ತು. "ಆಂಪ್ ಚಿಕ್ಕದು, ಸ್ಪೀಕರ್ ದೊಡ್ಡದು ಅಂದ್ರೆ ಸೇಫ್ ಅನ್ಕೋತಾರೆ ಎಲ್ರೂ. ಟ್ವೀಟರ್ ಸುಡೋದು ಅಲ್ಲೇ ಸಾರ್" ಅಂದರು.

ಈ ಮಾತನ್ನು ಬಿಡಿಸಿ ಹೇಳುತ್ತೇನೆ. ಆಂಪ್‌ಗೆ ಅದರ ಶಕ್ತಿ ಮೀರಿ ಕೆಲಸ ಕೊಟ್ಟರೆ ಅಲೆಯ ತುದಿಯನ್ನು ಪೂರ್ತಿ ಕೊಡಲು ಆಗುವುದಿಲ್ಲ. ದುಂಡಗಿರುವ ತುದಿ ಚಾಕುವಿನಲ್ಲಿ ಕೊಯ್ದ ಹಾಗೆ ಚಪ್ಪಟೆಯಾಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಅನ್ನುತ್ತಾರೆ. ಹಾಗೆ ಚಪ್ಪಟೆಯಾದ ಅಲೆಯಲ್ಲಿ ಮೂಲ ಹಾಡಿನಲ್ಲಿ ಇಲ್ಲದ ತೆಳು ಸ್ವರಗಳು ಹುಟ್ಟಿಕೊಳ್ಳುತ್ತವೆ. ಕ್ರಾಸ್‌ಓವರ್ ಅವನ್ನೆಲ್ಲ ಟ್ವೀಟರ್ ಕಡೆಗೇ ಕಳಿಸುತ್ತದೆ. ಟ್ವೀಟರ್ ತಡೆಯುವುದು ಕೆಲವೇ ವಾಟ್. ನನ್ನ ಆಂಪ್‌ಗಂತೂ 4 ಓಂ ಭಾರವೂ ಸೇರಿ, ಕ್ಲಿಪ್ ಆಗುವುದು ಇನ್ನೂ ಬೇಗ. ಒಳ್ಳೆಯ ಆ್ಯಕ್ಟಿವ್ ಮಾನಿಟರಿನಲ್ಲಿ ಸಾಮಾನ್ಯವಾಗಿ ಒಂದು ಲಿಮಿಟರ್ ಇದ್ದು, ಹೀಗಾಗುವ ಮುಂಚೆ ತಡೆ ಹಾಕುತ್ತದೆ. ನನ್ನ ಜೋಡಿಯಲ್ಲಿ ಅಂಥದ್ದೇನೂ ಇರಲಿಲ್ಲ.

ಅಂಗಡಿಗೆ ಹೋದೆ. "ಸುಟ್ಟದ್ದಕ್ಕೆ ವಾರಂಟಿ ಇಲ್ಲ ಸಾರ್" ಅಂದರು. 4 ಓಂ ಸ್ಪೀಕರಿಗೆ 8 ಓಂ ಆಂಪ್ ನೀವೇ ತಾನೇ ಕೊಟ್ಟಿದ್ದು ಅಂದರೆ, ಕೇಳಿಸದ ಹಾಗೆ ಬೇರೆ ಗಿರಾಕಿ ಕಡೆ ತಿರುಗಿದರು. ಬಿಲ್ಲಿನಲ್ಲಿ ಮಾಡೆಲ್ ನಂಬರೂ ಬರೆದಿರಲಿಲ್ಲ. ದಯವಿಟ್ಟು ಬರೆಸಿಕೊಳ್ಳಿ.

ಖರ್ಚು ನೋಡಿ. ಸ್ಪೀಕರ್ 22,000, ಆಂಪ್ 6,500, ಸ್ಪೀಕರ್ ವೈರ್ 1,400, ಇಂಟರ್‌ಫೇಸಿನಿಂದ ಆಂಪ್‌ಗೆ ಕೇಬಲ್ 900, ಎರಡೂ ಟ್ವೀಟರ್ ಬದಲಿಸಿದ್ದಕ್ಕೆ 3,800. ಒಟ್ಟು 34,600. ಹಾಕಿದ ಟ್ವೀಟರ್ ಕಂಪನಿಯದ್ದಲ್ಲ, ಆ ಹಳೇ ಮಾಡೆಲಿಗೆ ಸಿಗುವುದಿಲ್ಲ. ಆಮೇಲೆ ಅದರ ಮೇಲೆ ಮಿಕ್ಸ್ ಮಾಡಲು ಧೈರ್ಯವೇ ಬರಲಿಲ್ಲ. 9,000ಕ್ಕೆ ಕೊಟ್ಟೆ, ಟ್ವೀಟರ್ ಬದಲಿಸಿದೆ ಅಂತ ಹೇಳಿಯೇ ಕೊಟ್ಟೆ. ಪ್ಯಾಸಿವ್ ಬೆಲೆ ನೋಡುವಾಗ ಆಂಪ್, ವೈರ್, ಕೇಬಲ್ ಎಲ್ಲ ಸೇರಿಸಿ ನೋಡಿ. ಬರೀ ಬಾಕ್ಸಿನ ರೇಟು ನೋಡಿದರೆ ನನ್ನ ಹಾಗೇ ಆಗುತ್ತದೆ.

ಆ್ಯಕ್ಟಿವ್ ತಗೊಳ್ಳುವವರೂ ಒಂದು ವಿಷಯದಲ್ಲಿ ಹುಷಾರಾಗಿರಿ. ಪ್ಲಗ್ ಇರುವುದನ್ನೆಲ್ಲ ಆ್ಯಕ್ಟಿವ್ ಅಂತ ಮಾರುತ್ತಾರೆ. ಹಿಂದೆ ತಿರುಗಿಸಿ ನೋಡಿ. ಒಂದೇ ಬಾಕ್ಸಿಗೆ ಕರೆಂಟ್ ಇದ್ದು, ಅಲ್ಲಿಂದ ಇನ್ನೊಂದಕ್ಕೆ ಎರಡೆಳೆ ವೈರ್ ಹೋಗುತ್ತಿದ್ದರೆ ಒಳಗಿರುವುದು ಬಹುತೇಕ ಅದೇ ಪ್ಯಾಸಿವ್ ಕ್ರಾಸ್‌ಓವರ್, ಆಂಪ್ ಮಾತ್ರ ಒಂದು ಬಾಕ್ಸಿನೊಳಗೆ ಸೇರಿಸಿರುತ್ತಾರೆ. ಅದಕ್ಕೆ ಪವರ್ಡ್ ಅನ್ನಬೇಕು. ಕೆಟ್ಟದ್ದು ಅಂತಲ್ಲ, ಆದರೆ ಅದಕ್ಕೆ ಆ್ಯಕ್ಟಿವ್‌ನ ಬೆಲೆ ಕೊಡಬೇಡಿ. ನಿಜವಾದ ಆ್ಯಕ್ಟಿವ್‌ನಲ್ಲಿ ಎರಡು ಆಂಪ್‌ನ ವಾಟ್ ಬೇರೆ ಬೇರೆ ಬರೆದಿರುತ್ತಾರೆ. ಯಮಹಾ ಎಚ್‌ಎಸ್‌5ರಲ್ಲಿ ವೂಫರಿಗೆ 45 ವಾಟ್, ಟ್ವೀಟರಿಗೆ 25 ವಾಟ್, ಒಟ್ಟು 70.

ಅಮೆರಿಕದಿಂದ ಅಣ್ಣನೋ ಭಾವನೋ ತಂದುಕೊಡುತ್ತಾರೆ ಅಂದರೆ ಮೊದಲು ವೋಲ್ಟೇಜ್ ಕೇಳಿ. ಅಲ್ಲಿನದು 120 ವೋಲ್ಟ್, ನಮ್ಮದು 230. ಕೆಲವಕ್ಕೆ ಎರಡೂ ನಡೆಯುತ್ತದೆ, ಕೆಲವಕ್ಕೆ ಇಲ್ಲ. ನಮ್ಮ ಏರಿಯಾದ ಕೀಬೋರ್ಡ್ ನುಡಿಸುವ ಹುಡುಗನೊಬ್ಬ ನೋಡದೆ ಪ್ಲಗ್ ಹಾಕಿ, ಹೊಸ ಜೋಡಿಯಲ್ಲಿ ಒಂದನ್ನು ಕಳೆದುಕೊಂಡ. ಇನ್ನು ಹಳೇ ಮನೆಗಳಲ್ಲಿ ಅರ್ಥಿಂಗ್ ಸರಿ ಇಲ್ಲದಿದ್ದರೆ ಗುಂಯ್ ಅನ್ನುತ್ತದೆ. ಅದಕ್ಕೆ ಪ್ಲಗ್ಗಿನ ಮೂರನೇ ಪಿನ್ ಮುರಿಯುವವರನ್ನು ನೋಡಿದ್ದೇನೆ. ಖಂಡಿತ ಬೇಡ, ಅದು ಜೀವದ ಪ್ರಶ್ನೆ. ಬ್ಯಾಲೆನ್ಸ್ಡ್ ಕೇಬಲ್ (ಹೊರಗಿನ ಗುಂಯ್ ಸದ್ದು ತಡೆಯುವ ಮೂರೆಳೆ ಕೇಬಲ್) ಹಾಕಿ, ಕಂಪ್ಯೂಟರ್, ಸ್ಪೀಕರ್ ಎಲ್ಲವನ್ನೂ ಒಂದೇ ಬೋರ್ಡಿನಿಂದ ಕೊಡಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ.

ಪ್ಯಾಸಿವ್ ತಗೊಳ್ಳಲೇಬಾರದು ಅಂತ ನಾನು ಹೇಳುತ್ತಿಲ್ಲ. ಆಂಪ್ ಕೆಟ್ಟರೂ ಬಾಕ್ಸ್ ಉಳಿಯುತ್ತದೆ ಅಂತ ಅಂಗಡಿಯವರು ಹೇಳಿದ್ದು ಸರಿಯೇ. ಮನೆಯಲ್ಲಿ ಈಗಾಗಲೇ 4 ಓಂ ತಡೆಯುವ ಒಳ್ಳೆಯ ಪವರ್ ಆಂಪ್ ಇದ್ದರೆ ಧಾರಾಳವಾಗಿ ತಗೊಳ್ಳಿ. ಆಂಪ್ ಶಕ್ತಿ ಸ್ಪೀಕರಿನ ನಿರಂತರ ವಾಟ್‌ಗಿಂತ ಒಂದೂವರೆಯಿಂದ ಎರಡು ಪಟ್ಟು ಇರಲಿ, ವಾಲ್ಯೂಮ್ ಹಿಡಿತದಲ್ಲಿರಲಿ. ಆದರೆ ಚಿಕ್ಕ ರೂಮಿನಲ್ಲಿ ಒಬ್ಬರೇ ಕೂತು ಕೆಲಸ ಮಾಡುವವರು, ಶುರುವಿನಿಂದ ಎಲ್ಲ ಕೊಳ್ಳಬೇಕಾದವರು ಆ್ಯಕ್ಟಿವ್ ತಗೊಳ್ಳಿ ಅಂತಲೇ ನನ್ನ ಮಾತು. ನಾನು ಈಗ 5 ಇಂಚಿನ ವೂಫರ್ ಇರುವ ಆ್ಯಕ್ಟಿವ್ ಜೋಡಿ ಇಟ್ಟುಕೊಂಡಿದ್ದೇನೆ. 8 ಇಂಚು ಬೇಡ ಅಂದೆ. 10 ಅಡಿ ಅಗಲದ ರೂಮಿನಲ್ಲಿ ಸುಮಾರು 56 ಹರ್ಟ್ಸ್ ಹತ್ತಿರದ ದಪ್ಪ ಸ್ವರ ಗೋಡೆಗಳ ನಡುವೆ ಗುಂಯ್‌ಗುಡುತ್ತದೆ. ದೊಡ್ಡ ವೂಫರ್ ತಂದರೆ ಅದನ್ನೇ ಇನ್ನಷ್ಟು ಎಬ್ಬಿಸಿದ ಹಾಗೆ.

11 ಹಾಡನ್ನೂ ಮತ್ತೆ ಮಿಕ್ಸ್ ಮಾಡಿ, 60 ಪೆನ್‌ಡ್ರೈವನ್ನೂ ನಾನೇ ತುಂಬಿಸಿ ಕೊಟ್ಟೆ. ದಸರಾ ಕಳೆದುಹೋಗಿತ್ತು.

ಸೆಕೆಂಡ್ ಹ್ಯಾಂಡ್ ಪ್ಯಾಸಿವ್ ನೋಡಲು ಹೋಗುವವರು, ಈಗಾಗಲೇ ಮನೆಯಲ್ಲಿ ಇಟ್ಟುಕೊಂಡಿರುವವರು ಇದೊಂದು ಪರೀಕ್ಷೆ ಮಾಡಿ. ಟರ್ಮಿನಲ್ಲಿಗೆ ಮಲ್ಟಿಮೀಟರ್ ಹಿಡಿದರೆ ಟ್ವೀಟರ್ ಬದುಕಿದೆಯಾ ಅಂತ ಗೊತ್ತಾಗುವುದಿಲ್ಲ, ಒಳಗೆ ಕೆಪಾಸಿಟರ್ ಅಡ್ಡ ಇರುತ್ತದೆ. ಕಿವಿಯೇ ಬೇಕು. ಒಬ್ಬರೇ ಮಾತಾಡಿರುವ ರೆಕಾರ್ಡಿಂಗನ್ನು ಮೋನೋ (ಎರಡೂ ಕಡೆ ಒಂದೇ ಧ್ವನಿ) ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ವಾಲ್ಯೂಮ್ ಕಡಿಮೆ ಇಡಿ. ಒಂದು ಸ್ಪೀಕರ್ ವೈರ್ ಬಿಚ್ಚಿ ಇನ್ನೊಂದನ್ನು ಕೇಳಿ, ಆಮೇಲೆ ಅದಲು ಬದಲು ಮಾಡಿ. ಟ್ವೀಟರಿನಿಂದ ಒಂದು ಗೇಣು ದೂರದಲ್ಲಿ ಕಿವಿ ಇಟ್ಟು 'ಸ', 'ಶ' ಎರಡೂ ಕಡೆ ಒಂದೇ ಥರ ಬರುತ್ತಿದೆಯಾ ನೋಡಿ. ಬರದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.